ಮೊದಲು ಹಿಂಡಿ, ಆಮೇಲೆ ತೊಳೆಯಿರಿ

ಈ ಸಲದ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಗೋಡೆಗೆ ಬಣ್ಣ ಹೊಡೆಯೋ ರೋಲರ್ ಇದೆಯಲ್ಲ, ಅದನ್ನು ಶುಚಿ ಮಾಡೋಕೆ ಒಂದು ಕೈ ಉಪಕರಣ ಹೇಗಿರಬೇಕು ಅನ್ನೋದರ ಬಗ್ಗೆ ಬರೀತಾ ಇದ್ದೀನಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಕೋಡಿನಲ್ಲಿ ಬಗ್ ಹುಡುಕೋ ನನಗೆ ಈ ಉಸಾಬರಿ ಯಾಕೆ ಅಂತ ಕೇಳಬಹುದು. ಕೇಳಿ, ತಪ್ಪೇನಿಲ್ಲ. ಹೋದ ದೀಪಾವಳಿಗೆ ಮುಂಚೆ ಊರಲ್ಲಿ ಮನೆಗೆ ಬಣ್ಣ ಹೊಡೆಸುವಾಗ ಒಂದು ವಾರ ಜೊತೆಗಿದ್ದು ನೋಡಿದ ಮೇಲೆ ತಲೆಗೆ ಹತ್ತಿದ ಹುಳ ಇದು. ಇನ್ನೂ ಇಳಿದಿಲ್ಲ.

ನನ್ನ ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ರೋಲರ್ ಶುಚಿ ಮಾಡೋದು ಅಂದ ಕೂಡಲೇ ಎಲ್ಲರ ತಲೆಗೂ ಬರೋದು ನೀರು. ಹಾಗಾಗಿ ಉಪಕರಣ ಮಾಡೋರೂ ನೀರಿನಿಂದಲೇ ಶುರು ಮಾಡ್ತಾರೆ. ಶುರುವಾಗಬೇಕಾದ್ದು ನೀರು ತಾಗೋದಕ್ಕೆ ಮುಂಚೆ. ನಮಗೆ ಬೇಕಿರೋದು ಹಿಂಡೋ ಉಪಕರಣ. ತೊಳೆಯೋ ಕೆಲಸ ಆಮೇಲೆ ತಾನಾಗಿಯೇ ಹಗುರಾಗುತ್ತೆ.

ಮೊದಲು ರೋಲರಿನ ಕಥೆ ಸ್ವಲ್ಪ. 1940ರ ಸುಮಾರಿಗೆ ಕೆನಡಾದ ಟೊರಾಂಟೊದ ನಾರ್ಮನ್ ಬ್ರೇಕಿ ಅನ್ನುವವರು ಇದನ್ನು ಕಂಡುಹಿಡಿದರು ಅಂತ ಸಾಮಾನ್ಯವಾಗಿ ಹೇಳ್ತಾರೆ. ಅಂದರೆ ರೋಲರಿಗೆ ಎಂಬತ್ತು ದಾಟಿದೆ. ನಮ್ಮಲ್ಲಿ ಮೊದಲೆಲ್ಲ ಸುಣ್ಣ, ಡಿಸ್ಟೆಂಪರ್ ಕಾಲದಲ್ಲಿ ಬ್ರಷ್ಷೇ ರಾಜ. ಎಮಲ್ಷನ್ ಬಂದು, ಗೋಡೆಗೆ ಪುಟ್ಟಿ ಹಾಕಿ ನುಣುಪು ಮಾಡೋದು ಮಾಮೂಲಾದ ಮೇಲೆ ರೋಲರ್ ಮನೆಮಾತಾಯಿತು. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಮೈಮೇಲೆ ತುಪ್ಪಳ, ನಡುವೆ ಹಾದು ಹೋಗಿ ಹಿಡಿಕೆಗೆ ಸೇರೋ ಒಂದು ಕಂಬಿ. ಇಷ್ಟೇ. ಆದರೆ ಆ ತುಪ್ಪಳದ ಹೊಟ್ಟೆ ಎಷ್ಟು ದೊಡ್ಡದು ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ?

ಹಾಕೋಣ. ಒಂಬತ್ತು ಇಂಚಿನ ರೋಲರ್ ಅಂದರೆ ಸುಮಾರು 23 ಸೆಂ.ಮೀ. ಉದ್ದ. ಒಳಗಿನ ಕೊಳವೆಯ ವ್ಯಾಸ 4.5 ಸೆಂ.ಮೀ., ತುಪ್ಪಳದ ಉದ್ದ 1.2 ಸೆಂ.ಮೀ. ಅಂತ ಇಟ್ಟುಕೊಳ್ಳಿ. ತುಪ್ಪಳ ಆವರಿಸಿರೋ ಜಾಗವೇ ಹತ್ತಿರ ಹತ್ತಿರ ಅರ್ಧ ಲೀಟರ್ ಆಗುತ್ತೆ! ಎಳೆಗಳು ಒಂದಿಷ್ಟು ಜಾಗ ತಿಂತವೆ, ಗಾಳಿ ಒಂದಿಷ್ಟು ತಿನ್ನುತ್ತೆ, ಕೊನೆಗೆ ಗೋಡೆಗೆ ಒತ್ತಿ ಉಜ್ಜಿದಾಗ ಇನ್ನೊಂದಿಷ್ಟು ಹೋಗುತ್ತೆ. ಆದರೂ ಕೆಲಸ ಮುಗಿದಾಗ ಅದರಲ್ಲಿ 200 ಮಿ.ಲೀ. ಪೇಂಟ್ ಉಳಿದಿದೆ ಅಂತ ಲೆಕ್ಕಕ್ಕೆ ಹಿಡಿದರೆ ಅತಿಶಯೋಕ್ತಿ ಆಗಲ್ಲ. ಒಂದು ದೊಡ್ಡ ಲೋಟದಷ್ಟು. ಅದು ದುಡ್ಡು ಕೊಟ್ಟು ತಂದ ಪೇಂಟ್. ನಾವು ಮಾಡೋದೇನು? ನಲ್ಲಿ ಕೆಳಗೆ ಹಿಡಿದು ಮೋರಿಗೆ ಬಿಡೋದು.

ಇದಕ್ಕೊಂದು ಗಡಿಬಿಡಿಯೂ ಇದೆ. ಎಮಲ್ಷನ್ ಪೇಂಟಿನಲ್ಲಿ ಪ್ಲಾಸ್ಟಿಕ್ಕಿನಂಥ ಅಕ್ರಿಲಿಕ್ಕಿನ ಅತಿ ಸಣ್ಣ ಕಣಗಳು ನೀರಲ್ಲಿ ತೇಲ್ತಾ ಇರ್ತವೆ. ನೀರು ಆರಿದಂತೆ ಅವು ಒಂದಕ್ಕೊಂದು ಒತ್ತಿಕೊಂಡು, ಬೆಸೆದುಕೊಂಡು, ಪದರ ಆಗಿಬಿಡ್ತವೆ. ಒಮ್ಮೆ ಬೆಸೆದ ಮೇಲೆ ಎಷ್ಟೇ ನೀರು ಹೊಯ್ದರೂ ವಾಪಸ್ ಬಿಡಲ್ಲ. ಅದಕ್ಕೇ ಮಳೆಗೆ ಗೋಡೆಯ ಬಣ್ಣ ಕರಗಿ ಹೋಗಲ್ಲ, ಮತ್ತು ಅದಕ್ಕೇ ಒಂದು ರಾತ್ರಿ ಮರೆತು ಬಿಟ್ಟ ರೋಲರ್ ಬೆಳಿಗ್ಗೆ ಮರದ ಕೊರಡಿನ ಥರ ಆಗಿರುತ್ತೆ. ಗೋಡೆ ಮೇಲೆ ಯಾವುದು ಗುಣವೋ ರೋಲರ್ ಮೇಲೆ ಅದೇ ಅವಗುಣ. ಹಾಗಾಗಿ ರೋಲರನ್ನು ಅವತ್ತಿಂದು ಅವತ್ತೇ ನೋಡಿಕೊಳ್ಳಬೇಕು. ದಿನದ ಕೊನೆಯಲ್ಲಿ, ಭುಜ ಸೋತು, ಬಸ್ಸಿಗೆ ಹೊತ್ತಾಗಿರುವಾಗ.

ಈಗ ನೀರಿನ ಲೆಕ್ಕಕ್ಕೆ ಬರೋಣ. ಇದು ನನ್ನ ಅಚ್ಚುಮೆಚ್ಚಿನ ಭಾಗ, ಸ್ವಲ್ಪ ಸಹಿಸಿಕೊಳ್ಳಿ :)

ರೋಲರಿನಲ್ಲಿ 200 ಮಿ.ಲೀ. ಪೇಂಟ್ ಇದೆ. ಹಿಂಡದೆ ಹಾಗೇ ಒಂದು ಲೀಟರ್ ನೀರಲ್ಲಿ ಅದ್ದಿ ಚೆನ್ನಾಗಿ ಕಲಕಿದಿರಿ. ಒಟ್ಟು 1,200 ಮಿ.ಲೀ. ಆಯಿತು. ಮೇಲೆತ್ತಿದಾಗ 200 ಮಿ.ಲೀ. ರೋಲರಿನಲ್ಲೇ ಉಳಿಯುತ್ತೆ. ಅಂದರೆ ಪೇಂಟಿನ ಆರರಲ್ಲಿ ಒಂದು ಪಾಲು ಇನ್ನೂ ಅಲ್ಲೇ ಇದೆ. ಹೀಗೆ ಒಂದೊಂದೇ ಲೀಟರ್ ಹೊಸ ನೀರಲ್ಲಿ ನಾಲ್ಕು ಸಲ ಅದ್ದಿದರೆ 1,296ರಲ್ಲಿ ಒಂದು ಪಾಲು ಉಳಿಯುತ್ತೆ, ಸುಮಾರು 0.15 ಮಿ.ಲೀ. ಸಾಕು, ಶುಚಿಯಾಯಿತು ಅನ್ನಿ. ಖರ್ಚು ನಾಲ್ಕು ಲೀಟರ್.

ಅದೇ ನಾಲ್ಕು ಲೀಟರನ್ನು ಒಂದೇ ಬಕೆಟ್ಟಿಗೆ ಸುರಿದು ಒಂದೇ ಸಲ ಅದ್ದಿದರೆ? 21ರಲ್ಲಿ ಒಂದು ಪಾಲು, ಅಂದರೆ ಒಂಬತ್ತೂವರೆ ಮಿ.ಲೀ. ಉಳಿಯುತ್ತೆ. ಅಷ್ಟೇ ನೀರು, ಆದರೆ ಅರವತ್ತು ಪಟ್ಟು ಹೆಚ್ಚು ಕೊಳೆ.

ಈಗ ಪ್ರತಿ ಸಲವೂ ಹಿಂಡಿ 50 ಮಿ.ಲೀ.ಗೆ ಇಳಿಸೋ ಒಂದು ಉಪಕರಣ ಇದೆ ಅಂದುಕೊಳ್ಳಿ. ನೀರಿಗೆ ಹೋಗೋ ಮುಂಚೆಯೇ 150 ಮಿ.ಲೀ. ಪೇಂಟ್ ವಾಪಸ್ ಡಬ್ಬಿಗೆ ಬಂತು. ಒಂದು ಲೀಟರಲ್ಲಿ ಅದ್ದಿ ಹಿಂಡಿದರೆ 21ರಲ್ಲಿ ಒಂದು ಪಾಲು, ಇನ್ನೊಂದು ಲೀಟರಲ್ಲಿ ಅದ್ದಿ ಹಿಂಡಿದರೆ 441ರಲ್ಲಿ ಒಂದು ಪಾಲು. 50 ಮಿ.ಲೀ.ನಲ್ಲಿ 441ನೇ ಒಂದು ಅಂದರೆ 0.11 ಮಿ.ಲೀ. ಎರಡೇ ಲೀಟರಿಗೆ ಮೊದಲನೇದಕ್ಕಿಂತ ಶುಚಿ!

ನಿಜ ಜೀವನದಲ್ಲಿ ಕಲಕುವುದು ಇಷ್ಟು ಅಚ್ಚುಕಟ್ಟಾಗಿ ಆಗಲ್ಲ, ತುಪ್ಪಳದ ಬುಡದಲ್ಲಿ ಒಂದಿಷ್ಟು ಹಟ ಹಿಡಿದು ಕೂತಿರುತ್ತೆ. ಹಾಗಾಗಿ ನೀರು ಇನ್ನೂ ಹೆಚ್ಚೇ ಬೇಕಾಗುತ್ತೆ. ಆದರೆ ಲೆಕ್ಕದ ದಿಕ್ಕು ಬದಲಾಗಲ್ಲ. ಇದರಲ್ಲಿ ನನ್ನ ಸಂಶೋಧನೆ ಏನೂ ಇಲ್ಲ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನಿಂತು ನೋಡಿದ ಎಲ್ಲರಿಗೂ ಗೊತ್ತು: ಸೋಪಿನ ನೀರು ಹಿಂಡದೆ ಜಾಲಿಸೋಕೆ ಹಾಕಿದರೆ ಅಮ್ಮನ ಬಾಯಿಂದ ಬೈಗುಳ ಗ್ಯಾರಂಟಿ. ಹಿಂಡು, ಜಾಲಿಸು, ಮತ್ತೆ ಹಿಂಡು. ಬಾವಿಯಿಂದ ನೀರು ಸೇದಿ ಹೊತ್ತವರಿಗೆ ಈ ಗಣಿತ ಕೈಯಲ್ಲೇ ಇತ್ತು.

ಹಾಗಾದರೆ ಉಪಕರಣಗಳು ಇಲ್ಲವೇ? ಇವೆ. ಅಮೆರಿಕದಲ್ಲಿ ಪೇಂಟರುಗಳ ಜೇಬಿನಲ್ಲಿ 'ಫೈವ್ ಇನ್ ಒನ್' ಅನ್ನೋ ಒಂದು ಪಟ್ಟಿ ಇರುತ್ತೆ. ಪುಟ್ಟಿ ಬ್ಲೇಡಿನ ಅಣ್ಣನ ಥರ. ಅದರ ಒಂದು ಅಂಚಿನಲ್ಲಿ ಅರ್ಧಚಂದ್ರದ ಕಚ್ಚು ಇದೆ, ರೋಲರಿಗೆ ಒತ್ತಿ ಎಳೆದರೆ ಪೇಂಟ್ ಕೆರೆದು ಬರುತ್ತೆ. ಯೋಚನೆ ಸರಿಯಾಗಿದೆ. ಆದರೆ ಆ ಅರ್ಧಚಂದ್ರ ಒಂದು ಅಳತೆಯ ರೋಲರಿಗೆ ಮಾತ್ರ ಸರಿಯಾಗಿ ಕೂರುತ್ತೆ. ದಪ್ಪ ರೋಲರ್ ಆದರೆ ಎರಡು ಕೊಂಬುಗಳು ಮಾತ್ರ ತಾಗ್ತವೆ, ಸಣ್ಣ ರೋಲರ್ ಆದರೆ ನಡುವೆ ಒಂದು ಗೆರೆ ಮಾತ್ರ ತಾಗುತ್ತೆ. ಒಂದು ಕೈಯಲ್ಲಿ ಪಟ್ಟಿ, ಒಂದು ಕೈಯಲ್ಲಿ ರೋಲರ್, ಕೆಳಗೆ ಡಬ್ಬಿ ಅಲ್ಲಾಡದ ಹಾಗೆ ಹಿಡಿಯೋಕೆ ಮೂರನೇ ಕೈ ಬೇಕು.

ಇನ್ನೊಂದು ಜಾತಿ, ಪೈಪಿಗೆ ಸಿಕ್ಕಿಸೋದು. ಒಂದು ಉದ್ದ ಕೊಳವೆಯೊಳಗೆ ರೋಲರ್ ಇಟ್ಟು ಗಾರ್ಡನ್ ಪೈಪ್ ತಿರುಗಿಸಿದರೆ ನೀರು ನುಗ್ಗಿ ತೊಳೆಯುತ್ತೆ. ವಿಡಿಯೋದಲ್ಲಿ ನೋಡೋಕೆ ಬಲು ಸೊಗಸು. ಹಿಂದೆ ಹಸಿರು ಹುಲ್ಲು, ಮುಂದೆ ನಗುವ ಮನುಷ್ಯ. ಆದರೆ ಆ ಉಪಕರಣ ತನ್ನ ಹುಟ್ಟೂರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬಂದಿದೆ. ಇಪ್ಪತ್ತನಾಲ್ಕು ಗಂಟೆ ಒತ್ತಡದಲ್ಲಿ ಬರೋ ನೀರು, ಚೆಲ್ಲೋಕೆ ಜಾಗ, ಎರಡೂ ಇದ್ದೇ ಇರ್ತವೆ ಅಂತ ಅದು ನಂಬಿದೆ. ಬೆಂಗಳೂರಿನ ಒಂದು ಅರ್ಧ ಕಟ್ಟಿದ ಬಿಲ್ಡಿಂಗಿಗೆ ಹೋಗಿ ನೋಡಿ. ಟ್ಯಾಂಕರಿಂದ ತುಂಬಿಸಿದ ಒಂದು ಡ್ರಮ್ ಇರುತ್ತೆ. ಗಾರೆಯವರು, ಟೈಲ್ಸಿನವರು, ಪೇಂಟಿನವರು ಎಲ್ಲ ಅದಕ್ಕೇ ಮಗ್ ಅದ್ದೋದು. ಮೂರನೇ ಮಹಡಿಗೆ ಆ ನೀರು ಹತ್ತೋದು ಯಾರದೋ ಭುಜದ ಮೇಲೆ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯೋ ನೀರನ್ನು ವಾಹನ ತೊಳೆಯೋಕೆ, ಕೈತೋಟಕ್ಕೆ, ಕಟ್ಟಡದ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಇಂಥ ಊರಿಗೆ ಗಾರ್ಡನ್ ಪೈಪಿನ ಉಪಕರಣ ತಂದು ಕೊಟ್ಟರೆ ಏನು ಪ್ರಯೋಜನ?

ಊರಲ್ಲಿ ನಮ್ಮ ಮನೆಗೆ ಬಂದಿದ್ದ ಪೇಂಟರ್ ಅಣ್ಣ ಏನು ಮಾಡ್ತಿದ್ದರು ಗೊತ್ತಾ? ಮೊದಲು ಡಬ್ಬಿಯ ಅಂಚಿಗೆ ರೋಲರ್ ಉಜ್ಜೋದು, ಆಮೇಲೆ ಪುಟ್ಟಿ ಬ್ಲೇಡಿನಲ್ಲಿ ಕೆರೆಯೋದು, ಕೊನೆಗೆ ಬರಿಗೈಯಲ್ಲಿ ಹಸುವಿನ ಕೆಚ್ಚಲು ಹಿಂಡಿದ ಹಾಗೆ ಮೇಲಿಂದ ಕೆಳಕ್ಕೆ ಹಿಂಡೋದು. ನಾಳೆ ಅದೇ ಬಣ್ಣ ಇದ್ದರೆ ತೊಳೆಯೋ ಗೋಜೇ ಇಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಸುತ್ತಿ ಇಟ್ಟುಬಿಡೋದು. ನನ್ನ ಇಡೀ ಸಿದ್ಧಾಂತ ಅವರ ಕೈಯಲ್ಲಿ ಮೊದಲೇ ಇತ್ತು! ಇಲ್ಲದೇ ಇದ್ದದ್ದು ಉಪಕರಣ ಮಾತ್ರ. ನಾನು ಕೇಳಿದೆ, "ಅಣ್ಣಾ, ಇದಕ್ಕೆ ಅಂತಲೇ ಏನಾದರೂ ಬರಲ್ವಾ ಅಂಗಡೀಲಿ?"

"ಬಂದ್ರೂ ಯಾರು ತಗೋತಾರೆ ಸಾರ್? ಗೋಡೆಗೆ ಹೊಡೆದಿದ್ದಕ್ಕೆ ಸ್ಕ್ವೇರ್ ಫೂಟ್ ಲೆಕ್ಕದಲ್ಲಿ ದುಡ್ಡು. ತೊಳಿಯೋದಕ್ಕೆ ಯಾರೂ ಕಾಸು ಕೊಡಲ್ಲ."

ಈ ಮಾತು ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಒಳ್ಳೆಯ ಉಪಕರಣ ಯಾಕೆ ಹುಟ್ಟಿಲ್ಲ ಅನ್ನೋದಕ್ಕೆ ಉತ್ತರ ಅದರಲ್ಲೇ ಇದೆ. ಯಾವ ಕೆಲಸಕ್ಕೆ ಕೂಲಿ ಇಲ್ಲವೋ ಆ ಕೆಲಸಕ್ಕೆ ಉಪಕರಣವೂ ಇರಲ್ಲ. ಗೋಡೆಗೆ ಬೇಗ ಹೊಡೆಯೋಕೆ ಉದ್ದನೆ ಕೋಲು ಬಂತು, ಸ್ಪ್ರೇ ಮಷಿನ್ ಬಂತು. ಅವು ಕಂಟ್ರಾಕ್ಟರಿನ ಸಮಯ ಉಳಿಸ್ತವೆ. ಸಂಜೆಯ ಅರ್ಧ ಗಂಟೆ ಉಳಿದರೆ ಅದು ಪೇಂಟರಿನ ಸ್ವಂತ ಅರ್ಧ ಗಂಟೆ. ಅದಕ್ಕೆ ಗಿರಾಕಿ ಯಾರು?

ಗಿರಾಕಿ ಅವರೇ ಆಗಬೇಕು. ಅಂದರೆ ಬೆಲೆ ಅವರ ಜೇಬಿಗೆ ತಕ್ಕದ್ದಾಗಿರಬೇಕು. ಐವತ್ತು ರೂಪಾಯಿ ದಾಟಬಾರದು ಅನ್ನೋದು ನಾನು ಇಟ್ಟುಕೊಂಡ ಮೊದಲ ಷರತ್ತು. ಈ ಒಂದು ಷರತ್ತು ಇಟ್ಟ ಕೂಡಲೇ ಬೇರಿಂಗು, ಸ್ಪ್ರಿಂಗು, ಬ್ಯಾಟರಿ ಎಲ್ಲ ತಾವಾಗಿಯೇ ಮನೆಗೆ ಹೋಗ್ತವೆ. ಉಳಿಯೋದು ಆಕಾರ ಒಂದೇ. ನಾನು ಯೋಚಿಸಿದ ಆಕಾರ ಹೀಗಿದೆ.

ಎಂಜಿನಿಯರಿಂಗ್ ಓದಿದವರಿಗೆ ಮೊದಲ ವರ್ಷದ ವರ್ಕ್‌ಶಾಪಿನ ವಿ-ಬ್ಲಾಕ್ ನೆನಪಿರಬಹುದು. ದಪ್ಪ ಸರಳೇ ಇರಲಿ, ತೆಳು ಸರಳೇ ಇರಲಿ, ವಿ ಆಕಾರದ ಕಚ್ಚಿನಲ್ಲಿ ಇಟ್ಟರೆ ಎರಡು ಗೆರೆಗಳ ಮೇಲೆ ಗಟ್ಟಿಯಾಗಿ ಕೂರುತ್ತೆ. ರೋಲರಿಗೂ ಇದೇ ಸಾಕು. ಅರ್ಧಚಂದ್ರದ ಬದಲು ವಿ ಕಚ್ಚು ಕೊಟ್ಟರೆ ಒಂಬತ್ತು ಇಂಚಿನ ದಪ್ಪ ರೋಲರೂ, ನಾಲ್ಕು ಇಂಚಿನ ಸಣ್ಣದೂ ಒಂದರಲ್ಲೇ ಆಗುತ್ತೆ. ತುಪ್ಪಳ ಮೆತ್ತಗಿರೋದರಿಂದ ಆ ಎರಡು ಗೆರೆಗಳು ಒತ್ತಿದಾಗ ಎರಡು ಅಗಲ ಪಟ್ಟಿಗಳಾಗ್ತವೆ. ರೋಲರನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ನಾಲ್ಕು ಸಲ ಕೆರೆದರೆ ಸುತ್ತಲೂ ಮುಗಿಯಿತು.

ಎರಡನೇದು, ಮೂರನೇ ಕೈ. ಇಪ್ಪತ್ತು ಲೀಟರಿನ ಪೇಂಟ್ ಡಬ್ಬಿ ಯಾವ ಸೈಟಿನಲ್ಲೂ ಇರುತ್ತೆ. ಉಪಕರಣದ ಹಿಂಭಾಗದಲ್ಲಿ ಒಂದು ಕೊಕ್ಕೆ ಕೊಟ್ಟು, ಡಬ್ಬಿಯ ಅಂಚಿಗೆ ಒಳಮುಖವಾಗಿ ಸಿಕ್ಕಿಸೋ ಹಾಗೆ ಮಾಡಬೇಕು. ರೋಲರನ್ನು ನೆಟ್ಟಗೆ ಹಿಡಿದು, ವಿ ಕಚ್ಚಿಗೆ ಒತ್ತಿ, ಕೆಳಕ್ಕೆ ತಳ್ಳೋದು. ಒತ್ತಡ ಡಬ್ಬಿಯ ಅಂಚಿನ ಕಡೆಗೇ ಬೀಳೋದರಿಂದ ಕೊಕ್ಕೆ ಕಳಚಲ್ಲ. ಕೆರೆದ ಪೇಂಟ್ ನೇರ ಡಬ್ಬಿಗೆ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಕೆರೆಯೋದು ರೋಲರಿನ ತುದಿಯಿಂದ ಕಂಬಿಯ ಕಡೆಗೆ ಇರಬೇಕು. ಉಲ್ಟಾ ಆದರೆ, ಬರೀ ಬಿಗಿಯ ಮೇಲೆ ನಿಂತಿರೋ ಕೊಳವೆ ಕಂಬಿಯಿಂದ ಜಾರಿ ಡಬ್ಬಿಯೊಳಗೆ ಮುಳುಗುತ್ತೆ. ಕೆಳಕ್ಕೆ ತಳ್ಳೋ ವ್ಯವಸ್ಥೆಯಲ್ಲಿ ಆ ಭಯ ಇಲ್ಲ.

ಮೂರನೇದು, ವಸ್ತು. ಕಬ್ಬಿಣದ ತಗಡು ತುಕ್ಕು ಹಿಡಿದು ಬಿಳಿ ಬಣ್ಣ ಕೆಡಿಸುತ್ತೆ. ಸ್ಟೀಲ್ ಆಗಬಹುದು, ಬೆಲೆ ಏರುತ್ತೆ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ನನಗೆ ಸರಿ ಅನ್ನಿಸುತ್ತೆ. ಅದರ ಮೇಲೆ ಒಣಗಿದ ಎಮಲ್ಷನ್ ಗಟ್ಟಿಯಾಗಿ ಅಂಟಲ್ಲ, ಹಾಲಿನ ಕೆನೆ ಥರ ಸುಲಿದು ಬರುತ್ತೆ. ಶುಚಿ ಮಾಡೋ ಉಪಕರಣವನ್ನೇ ಶುಚಿ ಮಾಡೋಕೆ ಇನ್ನೊಂದು ಉಪಕರಣ ಬೇಕಾದರೆ ಕಥೆ ಮುಗೀತಲ್ಲ! ಅಂಚು ಚೂಪಾಗಿರಬಾರದು, ಚೂಪಾದರೆ ತುಪ್ಪಳದ ಎಳೆ ಕಿತ್ತು ಬಂದು ನಾಳೆ ಗೋಡೆ ಮೇಲೆ ಕೂದಲಿನ ಥರ ಕೂರುತ್ತೆ. ಒಂದು ಮಿ.ಮೀ. ದುಂಡಗೆ ಇದ್ದರೆ ಸಾಕು.

ಇಷ್ಟಾದ ಮೇಲೆ ಎರಡು ಲೀಟರ್ ನೀರು. ತೊಳೆದ ಮೇಲೆ ಒಣಗಿಸೋಕೆ? ಹೊರದೇಶಗಳಲ್ಲಿ ಪಂಪಿನ ಹಾಗೆ ಒತ್ತಿದರೆ ರೋಲರ್ ಗಿರಗಿರ ತಿರುಗೋ ಸ್ಪಿನ್ನರ್ ಸಿಗುತ್ತೆ. ನಮ್ಮ ಅಜ್ಜಿಯ ಕಾಲದ ಸ್ಪಿನ್ನರ್ ಕಡಗೋಲು. ಎರಡು ಸೆಂ.ಮೀ. ದಪ್ಪದ ಕೋಲಿಗೆ ಸುತ್ತಿದ ಹಗ್ಗವನ್ನು ಅರವತ್ತು ಸೆಂ.ಮೀ. ಎಳೆದರೆ ಒಂಬತ್ತೂವರೆ ಸುತ್ತು. ಅರ್ಧ ಸೆಕೆಂಡಿನಲ್ಲಿ ಎಳೆದರೆ ನಿಮಿಷಕ್ಕೆ ಸಾವಿರದ ನೂರಕ್ಕೂ ಹೆಚ್ಚು ಸುತ್ತಿನ ವೇಗ. ಮೂರು ಸೆಂ.ಮೀ. ದೂರದಲ್ಲಿರೋ ನೀರಿನ ಹನಿಗೆ ಅಲ್ಲಿ ಸಿಗೋ ಎಸೆತ ಗುರುತ್ವದ ನಲವತ್ತು ಪಟ್ಟು! ಖಾಲಿ ಡಬ್ಬಿಯೊಳಗೆ ಇಟ್ಟು ಕಡೆದರೆ ಹನಿಗಳೆಲ್ಲ ಡಬ್ಬಿಯ ಗೋಡೆಗೆ. ಇದು ಬೇಕೇಬೇಕು ಅಂತ ಏನಿಲ್ಲ, ಮಧ್ಯಾಹ್ನವೇ ಬೇರೆ ಬಣ್ಣಕ್ಕೆ ಅದೇ ರೋಲರ್ ಬೇಕು ಅನ್ನುವವರಿಗೆ.

ನಾಲ್ಕನೇ ಷರತ್ತನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೀನಿ. ಕೈಗೆ ಪೇಂಟ್ ತಾಗಬಾರದು. ನೀರಿನ ಪೇಂಟ್ ಅಂದರೆ ನಿರುಪದ್ರವಿ ಅಂತ ನಾವು ತಿಳಿದಿದ್ದೀವಿ. ಡಬ್ಬಿಯಲ್ಲಿ ಪೇಂಟ್ ಕೊಳೆಯದ ಹಾಗೆ ಅದಕ್ಕೆ ಸೇರಿಸೋ ಐಸೋಥಯಾಜೋಲಿನೋನ್ ಗುಂಪಿನ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಅಲರ್ಜಿ ತರ್ತವೆ. ಒಂದು ಸಲ ತಾಗಿದರೆ ಏನೂ ಆಗದೇ ಇರಬಹುದು, ವರ್ಷಗಟ್ಟಲೆ ದಿನಾ ಸಂಜೆ ಬರಿಗೈಯಲ್ಲಿ ಹಿಂಡೋ ಮನುಷ್ಯನ ವಿಷಯ ಬೇರೆ. ಎನಾಮಲ್ ಪೇಂಟ್ ಆದರಂತೂ ಅದೇ ಕೈಗೆ ಟರ್ಪೆಂಟೈನ್ ಸ್ನಾನ. ಮೊದಲು ಕೆರೆದರೆ ಟರ್ಪೆಂಟೈನೂ ಕಡಿಮೆ ಸಾಕು. ಲೆಕ್ಕ ಅದೇ, ನೀರಿನ ಜಾಗದಲ್ಲಿ ಅದನ್ನು ಹಾಕಿಕೊಳ್ಳಿ.

"ಇಷ್ಟೆಲ್ಲ ಯಾಕಪ್ಪಾ, ಹೊಸ ರೋಲರ್ ತಗೊಂಡ್ರೆ ಆಯ್ತು" ಅಂತ ನನ್ನ ಗೆಳೆಯನೊಬ್ಬ ಅಂದ. ಹೌದು, ರೋಲರ್ ದುಬಾರಿ ಏನಲ್ಲ. ಆದರೆ ತುಪ್ಪಳವೂ ಪ್ಲಾಸ್ಟಿಕ್ ಎಳೆ, ಕೊಳವೆಯೂ ಪ್ಲಾಸ್ಟಿಕ್. ಜೊತೆಗೆ ಆ ಲೋಟದಷ್ಟು ಪೇಂಟೂ ಕಸಕ್ಕೆ ಹೋಗುತ್ತೆ. "ಸ್ಪ್ರೇ ಮಷಿನ್ ಬಂದಿದೆಯಲ್ಲ" ಅಂದ ಇನ್ನೊಬ್ಬ. ಆ ಮಷಿನ್ನಿನ ಉದ್ದನೆ ಪೈಪಿನೊಳಗೆ ಪೇಂಟ್ ತುಂಬಿಕೊಂಡಿರುತ್ತಲ್ಲ, ಅದನ್ನೂ ಸಂಜೆ ಯಾರಾದರೂ ತೊಳೆಯಲೇಬೇಕು. ಸಣ್ಣಪುಟ್ಟ ಮನೆಗೆ ರೋಲರ್ ಇನ್ನೂ ಬಹಳ ಕಾಲ ಇರುತ್ತೆ ಅಂತಲೇ ನನ್ನ ನಂಬಿಕೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಕೆರೆದ ಪೇಂಟ್ ವಾಪಸ್ ಡಬ್ಬಿಗೆ ಹಾಕಿದರೆ ಗೋಡೆಯ ಧೂಳೂ ಜೊತೆಗೆ ಹೋಗಲ್ವಾ? ಹೋಗುತ್ತೆ. ಹಾಗಾಗಿ ಮುಚ್ಚಿಟ್ಟ ಒಳ್ಳೆ ಡಬ್ಬಿಗೆ ಸೇರಿಸಬಾರದು, ಕೆಲಸದ ಡಬ್ಬಿಗೆ ಹಾಕಿ, ಮಾರನೇ ದಿನ ಹಳೆ ಬನಿಯನ್ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ನೀರು ತಾಗಿದ ಮೇಲೆ ಬಂದದ್ದನ್ನಂತೂ ಸೇರಿಸಲೇಬಾರದು, ಪೇಂಟ್ ತೆಳುವಾಗುತ್ತೆ. ಇದಕ್ಕೂ ಮೊದಲು ಹಿಂಡೋದೇ ದಾರಿ.

ನಮ್ಮ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಅಂದರೆ ಗೆರೆ ಹಿಡಿದು ಓಡೋ ರೋಬೋ. ನಮ್ಮ ಬ್ಯಾಚಿನಲ್ಲೇ ಮೂರು ಗುಂಪು ಅದನ್ನೇ ಮಾಡಿದ್ದವು. ಅದರಲ್ಲಿ ಕಲಿಯೋದು ಇಲ್ಲ ಅಂತಲ್ಲ. ಆದರೆ ಕಾಲೇಜಿನ ಗೋಡೆಗೇ ಬಣ್ಣ ಹೊಡೆಯುತ್ತಿದ್ದ ಮನುಷ್ಯ ಸಂಜೆ ನಲ್ಲಿ ಹತ್ತಿರ ಏನು ಮಾಡ್ತಾನೆ ಅಂತ ನಿಂತು ನೋಡಿದ್ದರೆ ಒಂದು ಪ್ರಾಜೆಕ್ಟ್ ಅಲ್ಲೇ ಇತ್ತು. ಐವತ್ತು ರೂಪಾಯಿ, ಎರಡು ಲೀಟರ್ ನೀರು, ಒಣ ಕೈ. ಈ ಮೂರು ಷರತ್ತಿಗೆ ಒಪ್ಪೋ ಡಿಸೈನ್ ಮಾಡೋದು ರೋಬೋಗಿಂತ ಸುಲಭ ಅಂತ ನನಗೇನೂ ಅನ್ನಿಸಲ್ಲ.

ಸದ್ಯಕ್ಕೆ ನಾನು ಒಂದು ಹಳೇ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ವಿ ಆಕಾರಕ್ಕೆ ಕತ್ತರಿಸಿ ನೋಡ್ತಾ ಇದ್ದೀನಿ. ತೆಳುವಾಗಿರೋದರಿಂದ ಬಾಗುತ್ತೆ, ಎರಡು ಪದರ ಮಾಡಬೇಕು. ಮುಂದಿನ ಸಲ ಊರಿಗೆ ಹೋದಾಗ ಪೇಂಟರ್ ಅಣ್ಣನ ಕೈಗೆ ಕೊಟ್ಟು, ಒಂದು ವಾರ ಬಳಸಿ ಬೈಯಿರಿ ಅಂತ ಕೇಳೋ ಯೋಚನೆ ಇದೆ.

ಅಲ್ಲಿವರೆಗೆ ನಿಮಗೊಂದು ಕೆಲಸ. ನಿಮ್ಮ ಮನೆಗೆ ಬಣ್ಣ ಹೊಡೆಸೋದಿದ್ದರೆ ಮಾತಾಡುವಾಗಲೇ ಕೊನೆಯ ಅರ್ಧ ಗಂಟೆ ರೋಲರ್, ಬ್ರಷ್ ಶುಚಿ ಮಾಡೋದಕ್ಕೆ ಅಂತ ಕೂಲಿಯಲ್ಲಿ ಸೇರಿಸಿ. ಒಂದು ಬಕೆಟ್ ನೀರು, ಒಂದು ಜೊತೆ ಕೈಗವಸು ಕೊಡಿ. ಬಾತ್‌ರೂಮಿನಲ್ಲಿ ಕಲೆ ಆಯ್ತು ಅಂತ ಬೈಯೋದಕ್ಕಿಂತ ಇದು ಅಗ್ಗ. ನಿಮ್ಮೂರಿನ ಪೇಂಟರುಗಳು ರೋಲರ್ ಹಿಂಡೋಕೆ ಬೇರೆ ಏನಾದರೂ ಉಪಾಯ ಮಾಡಿಕೊಂಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಡಿಸೈನ್ ಇನ್ನೂ ಗಟ್ಟಿಯಾಗಿಲ್ಲ, ಬದಲಾಯಿಸೋಕೆ ಜಾಗ ಇದೆ.